ಗುಜರಿಗೊಂದು ಜಾತಕ

ಹೊಸ ಕಾರಿನ ಬಾಗಿಲಿಗೆ ಶೋರೂಮಿನವರೇ ಕೀಲಿಕೈಯಿಂದ ಗೀರು ಎಳೆದು, ಗೀರಿಗೂ ಬಿಲ್ ಹಾಕಿದರೆ ನಾವು ಗ್ರಾಹಕರ ಕೋರ್ಟಿಗೆ ಹೋಗುತ್ತೇವೆ. ದಪ್ಪ ತಂತಿಗಳ, ತಗ್ಗು ಸ್ವರದ ಬೇಸ್ ಗಿಟಾರಿನ ಲೋಕದಲ್ಲಿ ಅದಕ್ಕೇ ಮುಂಗಡ ಕೊಟ್ಟು ಕಾಯುತ್ತಾರೆ. 1995ರಲ್ಲಿ ಅಮೆರಿಕದ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ 'ರೆಲಿಕ್' ಎಂಬ ಸರಕನ್ನು ಹೊರತಂದಿತು. ಮಾಡಿದ್ದು ಮೊನ್ನೆ, ಕಾಣಬೇಕಾದದ್ದು ಮೂವತ್ತು ವರ್ಷ ಬಾರುಗಳಲ್ಲಿ ಒದೆ ತಿಂದಂತೆ. ಈಗ ಸವಕಲಿಗೂ ದರ್ಜೆಗಳಿವೆ. ಬೀರುವಿನಲ್ಲೇ ಕೂತು ಮುದಿಯಾದದ್ದು ಒಂದು, ಊರೂರು ಅಲೆದದ್ದು ಒಂದು, ಯಾರೋ ಮೆಟ್ಟಿಲ ಮೇಲಿಂದ ಉರುಳಿಸಿದಂತಿರುವುದು ಇನ್ನೊಂದು. ಉರುಳಿದ್ದಕ್ಕೆ ರೇಟು ಜಾಸ್ತಿ.

ಇದನ್ನು ಮನೆಯಲ್ಲೇ ಮಾಡುವ ಸಾಹಸಿಗಳೂ ಇದ್ದಾರೆ. ಉಪ್ಪಿನಕಾಯಿ ಹಾಕುವಷ್ಟೇ ಶಿಸ್ತು ಬೇಕು. ಮೊದಲು ಲೇಪ ಯಾವುದೆಂದು ನೋಡಿಕೊಳ್ಳಿ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆದರೆ ಕೆಲವು ವಾರ ಪೂರ್ತಿ ಒಣಗಲು ಬಿಟ್ಟು, ಬಾಡಿಯನ್ನು ಫ್ರೀಜರಿನಲ್ಲಿಟ್ಟು, ತಟ್ಟನೆ ಬೆಚ್ಚಗಿನ ಜಾಗಕ್ಕೆ ತನ್ನಿ. ಮರ ಒಂದು ಲೆಕ್ಕಕ್ಕೆ, ಲ್ಯಾಕರ್ ಇನ್ನೊಂದು ಲೆಕ್ಕಕ್ಕೆ ಕುಗ್ಗಿ ಹಿಗ್ಗಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಅಗ್ಗದ ಗಿಟಾರುಗಳ ಮೇಲೆ ಸಾಮಾನ್ಯವಾಗಿ ಇರುವುದು ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್. ಅದನ್ನು ಎಷ್ಟು ದಿನ ಫ್ರೀಜರಿನಲ್ಲಿಟ್ಟರೂ ಬಟಾಣಿಗೆ ಜಾಗ ತಪ್ಪುತ್ತದೆ, ಅಷ್ಟೆ. ಆಮೇಲೆ ಸ್ಯಾಂಡ್‌ಪೇಪರ್. ಬಣ್ಣ ಸವೆಯುವುದು ಮುಂಗೈ ಒರಗುವ ಮೇಲಂಚಿನಲ್ಲಿ, ಹೆಬ್ಬೆರಳು ಊರುವಲ್ಲಿ, ಹಿಂಬದಿಯಲ್ಲಿ ಬೆಲ್ಟಿನ ಬಕಲ್ ತಾಗುವಲ್ಲಿ. ಉತ್ಸಾಹ ಹೆಚ್ಚಾಗಿ ಕೆಳಮೂಲೆಯಲ್ಲೂ ಉಜ್ಜಿದರೆ, ನುಡಿಸಿದವನಿಗೆ ಮೂರು ಕೈಗಳಿದ್ದವು ಎಂದು ನೋಡುವವರು ನಂಬಬೇಕಾಗುತ್ತದೆ.

ಇನ್ನು ತುಕ್ಕು. ಬಯಲಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಬಟ್ಟಲು ಹೈಡ್ರೋಕ್ಲೋರಿಕ್ ಆಸಿಡ್, ಅದಕ್ಕೆ ತಾಗದಂತೆ ಬ್ರಿಡ್ಜು ಮತ್ತು ಸ್ಕ್ರೂಗಳು. ಆವಿಯೇ ಕೆಲಸ ಮಾಡುತ್ತದೆ. ತೆಗೆದ ಕೂಡಲೇ ಅಡುಗೆ ಸೋಡಾ ನೀರಿನಲ್ಲಿ ಮುಳುಗಿಸದಿದ್ದರೆ ತುಕ್ಕು ನಿಮ್ಮ ಮಾತು ಕೇಳಿ ನಿಲ್ಲುವುದಿಲ್ಲ. ಟ್ಯೂನರ್‌ಗಳ ಗೇರು ಬಿಚ್ಚದೆ ಇಟ್ಟವರ ಗಿಟಾರು ನೋಡಲು 1962, ಶ್ರುತಿ ಮಾಡಲು ಇಕ್ಕಳ. ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್ಪನ್ನು ಪಕ್ಕದಲ್ಲಿಟ್ಟರಂತೂ ಮುಗಿಯಿತು. ಅದರೊಳಗಿನ ತಾಮ್ರದ ತಂತಿ ಸುಮಾರು 0.06 ಮಿ.ಮೀ. ದಪ್ಪ, ಸಾವಿರಾರು ಸುತ್ತು. ಎಲ್ಲೋ ಒಂದು ಕಡೆ ಆವಿ ತಿಂದರೆ ಸದ್ದು ನಿಂತಿತು, ಮಲ್ಟಿಮೀಟರ್ ಅನಂತವನ್ನು ತೋರಿಸುತ್ತದೆ. ವೇದಾಂತಿಗಳಿಗೆ ಖುಷಿಯಾಗಬಹುದು.

ನಿಜವಾದ ಹಳೆಯದನ್ನೇ ಕೊಳ್ಳುವವರು ಇವರನ್ನು ಕಂಡು ಮೂಗು ಮುರಿಯುತ್ತಾರೆ. ಅವರದು ಜಾತಕದ ವ್ಯವಹಾರ. ಗಿಟಾರಿನ ಹೊಟ್ಟೆ ಬಿಚ್ಚಿ ವಾಲ್ಯೂಮ್ ಪಾಟ್‌ನ, ಅಂದರೆ ಸದ್ದು ಏರಿಳಿಸುವ ತಿರುಗಣೆಯ, ಬೆನ್ನು ಓದುತ್ತಾರೆ. ಮೊದಲ ಮೂರು ಅಂಕಿ ಗೋತ್ರ, ಅಂದರೆ ಪಾಟ್ ಮಾಡಿದ ಕಂಪನಿ: 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್. ಉಳಿದದ್ದು ವರ್ಷ, ವಾರ. 3046312 ಎಂದಿದ್ದರೆ 1963ರ 12ನೇ ವಾರ. ಇದು ಹೇಳುವುದಿಷ್ಟೇ: ಗಿಟಾರು ಅದಕ್ಕಿಂತ ಮುಂಚೆ ಹುಟ್ಟಿಲ್ಲ. 1966ರ ಗುರುತಿನ ಪಾಟ್‌ಗಳ ರಾಶಿಯನ್ನು ಫೆಂಡರ್ ಮುಂದಿನ ಕೆಲವು ವರ್ಷಗಳ ಗಿಟಾರುಗಳಿಗೂ ಬಳಸಿತ್ತು, ಹಾಗಾಗಿ ಆ ವರ್ಷದಲ್ಲಿ 'ಹುಟ್ಟಿದ' ಗಿಟಾರುಗಳ ಸಂಖ್ಯೆ ವಿಪರೀತ. ಆಮೇಲೆ ಬೆಸುಗೆಯ ಶೀಲಪರೀಕ್ಷೆ. ಯಾರಾದರೂ ಒಮ್ಮೆ ಸಾಲ್ಡರಿಂಗ್ ಐರನ್ ಮುಟ್ಟಿಸಿದ್ದರೆ ಸಂಬಂಧ ಮುರಿದುಬಿತ್ತು. ಪಾಟ್ ಕರಕರ ಎನ್ನುತ್ತಿದೆ, ಬದಲಿಸಿದರೆ ಹತ್ತು ನಿಮಿಷದ ಕೆಲಸ. ಆದರೂ ಕರಕರ ಕೇಳುತ್ತಲೇ ಇರುತ್ತಾರೆ. ಟೋನ್ ಕೆಪಾಸಿಟರ್ ಎಂದು ಅವರು ಹತ್ತಿಯಲ್ಲಿ ಸುತ್ತಿಡುವ 0.05 ಮೈಕ್ರೋಫ್ಯಾರಡ್‌ನ ಬಿಲ್ಲೆ, ಅರುವತ್ತರ ದಶಕದಲ್ಲಿ ಫ್ಯಾಕ್ಟರಿಯವರು ಅಗ್ಗವೆಂದೇ ಹಾಕಿದ ಸಿರಾಮಿಕ್ ಡಿಸ್ಕ್.

1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 1.3 ಕೋಟಿ ಡಾಲರಿಗೆ ಫೆಂಡರನ್ನು ಕೊಂಡಿತು. ಅದೇ ಕಟ್ಟಡ, ಅದೇ ಬೆಂಚು, ಅದೇ ಕೆಲಸಗಾರರು. ಆದರೂ ಡಿಸೆಂಬರಿನದು ಅಮೃತ, ಫೆಬ್ರವರಿಯದು ನೀರು ಮಜ್ಜಿಗೆ ಎಂಬುದು ಶಾಸ್ತ್ರ. ಅಮೃತ ಕೈಗೆಟುಕದಂತಾದ ಮೇಲೆ ಮಜ್ಜಿಗೆಗೂ ಹರಾಜು ಶುರುವಾಗಿದೆ.

ದೋಷಗಳ ಮೇಲಿನ ಭಕ್ತಿ ಇನ್ನೂ ಸೊಗಸು. ಹಳೆಯ ಫೆಂಡರಿನಲ್ಲಿ ಕುತ್ತಿಗೆಯ ಬಾಗು ಸರಿಪಡಿಸುವ ಟ್ರಸ್ ರಾಡ್‌ನ ನಟ್ಟು ಇರುವುದು ಬಾಡಿಯ ಕಡೆ, ಹೂತುಹೋದಂತೆ. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಕುತ್ತಿಗೆಯನ್ನೇ ಕಳಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಜೋಡಿಸಿ, ಶ್ರುತಿ ಮಾಡಿ, ಏಳನೇ ಫ್ರೆಟ್ಟಿನ, ಅಂದರೆ ಮೆಟ್ಟಿನ, ಬಳಿ ತಂತಿಯಡಿ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಬೇಕು. ಸಂದು ಸುಮಾರು 0.3 ಮಿ.ಮೀ. ಇಲ್ಲವೇ? ಮತ್ತೆ ಬಿಚ್ಚಿ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಿದರೆ ರಾಡ್ ಮುರಿಯಬಹುದು, ಮುರಿದರೆ ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡನ್ನೇ ಕಿತ್ತು ತೆಗೆಯುವ ಶಸ್ತ್ರಚಿಕಿತ್ಸೆ. ನಟ್ಟನ್ನು ತಲೆಯ ಕಡೆ ಇಟ್ಟರೆ ಎರಡು ನಿಮಿಷದ ಕೆಲಸ ಎಂದು ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೂ ದುಬಾರಿ ಮರುತಯಾರಿಕೆಗಳಲ್ಲಿ ಆ ತಪ್ಪನ್ನು ಭಯಭಕ್ತಿಯಿಂದ ನಕಲು ಮಾಡುತ್ತಾರೆ.

ಲಿಯೋ ಫೆಂಡರ್ ರೇಡಿಯೋ ರಿಪೇರಿಯವನು. 1951ರಲ್ಲಿ ಅವನು ಪ್ರಿಸಿಷನ್ ಬೇಸ್ ತಂದದ್ದಕ್ಕೆ ಎರಡೇ ಕಾರಣ: ಆಳೆತ್ತರದ ಡಬಲ್ ಬೇಸ್ ಹೊರುವ ಕಷ್ಟ ತಪ್ಪಲಿ, ವೀಣೆಯವರ ಮೆಟ್ಟುಗಳಂತೆ ಫ್ರೆಟ್ಟುಗಳಿದ್ದು ಸ್ವರ ಕರಾರುವಾಕ್ಕಾಗಿ ಬೀಳಲಿ. ಫ್ರೆಟ್ ವಿಷಯ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಮುಗಿಸಿದ. ಫೆಂಡರಿನದೇ ಇನ್ನೊಂದು ಮಾದರಿಯಾದ ತನ್ನ ಜಾಝ್ ಬೇಸಿನಿಂದ ಅವನ್ನು ಕಿತ್ತು, ಸಂದು ತುಂಬಿ, ದೋಣಿಗೆ ಬಳಿಯುವ ಎಪಾಕ್ಸಿ ಬಳಿದ. ಅವನ ಬೆರಳಿಗೆ ಅದು ಒಪ್ಪಿತು. ಈಗ ಫ್ರೆಟ್ ಇಲ್ಲದ ಬೇಸಿಗೆ ಫ್ರೆಟ್ ಇದ್ದ ಜಾಗ ತೋರಿಸುವ ಗೆರೆಗಳನ್ನು ಕೂರಿಸಿ ಮಾರುತ್ತಾರೆ.

ಹೊರುವ ಕಷ್ಟಕ್ಕೆ ಆ್ಯಂಪ್ಲಿಫೈಯರ್ ಮಾಡುವ ಆ್ಯಂಪೆಗ್ ಕಂಪನಿ ಇದೆ. 1969ರ ಅದರ ಎಸ್‌ವಿಟಿ: 300 ವಾಟ್, 14 ವಾಲ್ವ್, ತಲೆ, ಅಂದರೆ ಸ್ಪೀಕರಿಲ್ಲದ ಆ್ಯಂಪ್, ಒಂದೇ ಸುಮಾರು 38 ಕೆಜಿ. ಜೊತೆಗೆ ಹತ್ತಿಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ. ಅದಕ್ಕೆ 'ಫ್ರಿಜ್' ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಇವತ್ತು ಎರಡು ಕೆಜಿಯೂ ತೂಗದ ಕ್ಲಾಸ್ ಡಿ ಆ್ಯಂಪ್ 500 ವಾಟ್ ಕೊಡುತ್ತದೆ. ಆದರೆ ಬೆನ್ನು ನೋಯದೆ ಬಂದ ನಾದಕ್ಕೆ ಮರ್ಯಾದೆ ಎಲ್ಲಿ? 1960ರ ಬಿ-15 ಸ್ವಲ್ಪ ಸಭ್ಯ, ಒಂದೇ ಹದಿನೈದಿಂಚಿನ ಸ್ಪೀಕರು, ಮಗುಚಿ ಮುಚ್ಚುವ ತಲೆ. ಕಂಪನಿಯ ಎವರೆಟ್ ಹಲ್‌ಗೆ ರಾಕ್ ಎಂದರೆ ಆಗುತ್ತಿರಲಿಲ್ಲ, ಒಡಕು ಸದ್ದು ಎಂದರೆ ಮೈಯುರಿ. ಅವನ ಆ್ಯಂಪಿನ ಒಡಕು ಸದ್ದನ್ನೇ ಈಗ ಪೆಡಲುಗಳಲ್ಲಿ ತುಂಬಿಸಿ ಮಾರುತ್ತಿದ್ದಾರೆ.

ಇಂಥ ಹಳೆ ಆ್ಯಂಪನ್ನು ಅಮೆರಿಕದಿಂದ ಬೆಂಗಳೂರಿಗೆ ಹೊತ್ತು ತರುವವರಿಗೆ ಎರಡು ಮಾತು. ಅದು 117 ವೋಲ್ಟಿನ ಜೀವ, ನಮ್ಮ 230ಕ್ಕೆ ನೇರ ಚುಚ್ಚಿದರೆ ನಾಸ್ಟಾಲ್ಜಿಯಾ ಹೊಗೆಯಾಗಿ ಹೊರಬರುತ್ತದೆ. ಎಸ್‌ವಿಟಿಗೆ ಕನಿಷ್ಠ 1000 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿನ 60 ಹರ್ಟ್ಸ್‌ಗೆ ಕಟ್ಟಿದ ಟ್ರಾನ್ಸ್‌ಫಾರ್ಮರ್ ಇಲ್ಲಿನ 50ರಲ್ಲಿ ಅದೇ ವೋಲ್ಟೇಜಿಗೆ ಶೇ 20ರಷ್ಟು ಹೆಚ್ಚು ಕಾಂತಪ್ರವಾಹ ಹೊತ್ತು ಬಿಸಿಯೇರುತ್ತದೆ. ಫಿಲ್ಟರ್ ಕೆಪಾಸಿಟರುಗಳು ಒಣಗಿದ್ದರೆ 100 ಹರ್ಟ್ಸ್‌ನ ಗುಂಯ್‌ಗಾನ; ಇದನ್ನೇ ಕೆಲವರು ವಿಂಟೇಜ್ ಬೆಚ್ಚಗಿನ ನಾದ ಎನ್ನುವುದು. ಮೊದಲ ಸಲ ಹಳೆ ರೇಡಿಯೋ ಮೆಕ್ಯಾನಿಕ್‌ಗಳ ಸೀರೀಸ್ ಬೋರ್ಡಿನಲ್ಲಿ, ಬಲ್ಬಿನ ಮೂಲಕ ಕರೆಂಟು ಕೊಡಿ. ಬಲ್ಬು ಒಮ್ಮೆ ಉರಿದು ಮಂಕಾದರೆ ಸದ್ಯಕ್ಕೆ ಪಾರು, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಎರಡು ಪಿನ್ನಿನ ಹಳೆ ವೈರನ್ನೂ, ಮೇನ್ಸಿನಿಂದ ಚಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಕಟ್ಟಿರುವ ಪುಟ್ಟ ಕೆಪಾಸಿಟರನ್ನೂ ಕಿತ್ತು ಮೂರು ಪಿನ್ನಿನ ಅರ್ತ್ ಕೊಡಿಸಿ. ಆ ಕೆಪಾಸಿಟರಿಗೆ 'ಡೆತ್ ಕ್ಯಾಪ್' ಎನ್ನುತ್ತಾರೆ. ಅದು ಶಾರ್ಟ್ ಆದರೆ ಕರೆಂಟು ಚಾಸಿಯಿಂದ ಗಿಟಾರಿನ ತಂತಿಗೆ, ತಂತಿಯಿಂದ ಬೆರಳಿಗೆ. ಇದನ್ನೂ ಮೂಲರೂಪದಲ್ಲೇ ಉಳಿಸಬೇಕೆನ್ನುವ ಶುದ್ಧಾಚಾರಿಗಳಿದ್ದಾರೆ, ಉಳಿದಿರುವಷ್ಟು ದಿನ.

ಅವರೇ ಬ್ರೆಜಿಲ್ ರೋಸ್‌ವುಡ್ಡಿನ ಫಿಂಗರ್‌ಬೋರ್ಡಿಗೂ ಪ್ರಾಣ ಬಿಡುವವರು. ಆ ಮರ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಗಡಿ ದಾಟಿಸಲು ಪರವಾನಗಿ ಬೇಕು. ಅದರ ಜಾಗಕ್ಕೆ ಬಂದದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ. ಮೈಸೂರಿನ ಕೆತ್ತನೆಯವರು ಚಿತ್ತಾರ ಕೂರಿಸುವ ಅದೇ ಬೀಟೆ ವಿಂಟೇಜ್ ಪೇಟೆಯಲ್ಲಿ ಎರಡನೇ ದರ್ಜೆ.

ಇಷ್ಟಕ್ಕೂ ಇವರೆಲ್ಲ ಹುಡುಕುತ್ತಿರುವ ನಾದದ ಮೂಲಪುರುಷ ಡೆಟ್ರಾಯ್ಟಿನ ಮೋಟೌನ್ ಸ್ಟುಡಿಯೋದ ಬೇಸ್ ವಾದಕ ಜೇಮ್ಸ್ ಜೇಮರ್ಸನ್. 1962ರ ಪ್ರಿಸಿಷನ್, ಬಲಗೈಯ ಒಂದೇ ಬೆರಳು, ತುಂಡಾಗುವವರೆಗೆ ಬದಲಿಸದ ಚಪ್ಪಟೆ ಪಟ್ಟಿ ಸುತ್ತಿದ ದಪ್ಪ ಫ್ಲಾಟ್‌ವೌಂಡ್ ತಂತಿ, ಬ್ರಿಡ್ಜಿನ ಮುಚ್ಚಳದಡಿ ಒಂದು ತುಂಡು ಫೋಮು. ವರ್ಷಗಟ್ಟಲೆ ಮೋಟೌನ್ ತಟ್ಟೆಗಳ ಮೇಲೆ ಅವನ ಹೆಸರೇ ಇರಲಿಲ್ಲ. 1983ರಲ್ಲಿ, ಅವನು ಸಾಯುವ ಕೆಲವೇ ದಿನಗಳ ಮುಂಚೆ, ಆ ಬೇಸು ಕಳವಾಯಿತು. ಈಗ ಅವನ ಹೆಸರಿನಲ್ಲೇ 52ರಿಂದ 110 ಗೇಜಿನ (ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ) ತಂತಿಗಳ ಸೆಟ್ಟು ಸಿಗುತ್ತದೆ, ಅಳತೆಗೆ ಕತ್ತರಿಸಿದ ಫೋಮು ಬೇರೆ ಸಿಗುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿಗೂ ಅದಕ್ಕೂ ವ್ಯತ್ಯಾಸ ಬಿಲ್ಲಿನಲ್ಲಿ ಮಾತ್ರ. ಆ ಫೋಮಿನ ಮಹಿಮೆ ಸಾರುವ ವಿಡಿಯೋಗಳನ್ನು ಜನ ನೋಡುವುದು ಮೊಬೈಲಿನಲ್ಲಿ. ಬೇಸಿನ ದಪ್ಪ ತಂತಿಯ ಮೂಲಸ್ವರ 41 ಹರ್ಟ್ಸ್, ಮೊಬೈಲಿನ ಸ್ಪೀಕರು ಅದರ ಹತ್ತಿರಕ್ಕೂ ಇಳಿಯುವುದಿಲ್ಲ.

1995ರ ರೆಲಿಕ್‌ಗಳಿಗೆ ಈಗ ನಿಜಕ್ಕೂ ಮೂವತ್ತು ದಾಟಿದೆ. ಫ್ಯಾಕ್ಟರಿಯ ಸವಕಲಿನ ಮೇಲೆ ಒಡೆಯರ ಬಕಲ್ಲು, ಬೆವರು, ಉಗುರು ಸೇರಿ ಅಸಲಿ ಸವಕಲು ಮೂಡುತ್ತಿದೆ. ಮಾರಲು ಇಟ್ಟವರು ಅದನ್ನು ಪಾಲಿಶ್ ಹಾಕಿ ಉಜ್ಜಿ ಅಳಿಸುತ್ತಾರೆ, ಆಮೇಲೆ ಹೀಗೆ ಬರೆಯುತ್ತಾರೆ: ಕಂಪನಿ ಹಾಕಿಕೊಟ್ಟ ಗೀರುಗಳ ಹೊರತು ಒಂದೇ ಒಂದು ಗೀರಿಲ್ಲ.