9 ಅಡಿ ಎತ್ತರದಲ್ಲಿ ಒಂದ್ರ ಮೇಲೊಂದು ಕಾರು ಹೆಂಗ್ ನಿಲ್ಸ್ತಾರೆ, ಯಾರಾದ್ರೂ ಹೇಳಿ

ನಮ್ ಅಪಾರ್ಟ್‌ಮೆಂಟಿನ ಸ್ಟಿಲ್ಟಲ್ಲಿ, ಅಂದ್ರೆ ಮನೆಗಳ ಕೆಳಗೆ ಕಂಬಗಳ ಮಧ್ಯೆ ಇರೋ ಪಾರ್ಕಿಂಗಲ್ಲಿ, ಬೀಮ್ ಕೆಳಗೆ ಇರೋದು 9 ಅಡಿ ಕಣ್ರೀ. ನಾನೇ ಟೇಪ್ ಹಿಡ್ದು ಅಳ್ದಿದ್ದು. ಅಲ್ಲಿಗೆ ಎರಡು ಕಂಬದ ಸ್ಟ್ಯಾಕರ್ ಹಾಕ್ತಾರಂತೆ, ಕೆಳಗೊಂದು ಕಾರು ಮೇಲೊಂದು ಕಾರು, ಕೊಟೇಶನ್ ಓಕೆ ಆಗೋಯ್ತಂತೆ, ಸೋಮವಾರ ಅಡ್ವಾನ್ಸ್ ಕೊಡ್ತಾರಂತೆ. ಮೀಟಿಂಗ್ ಮುಗ್ಸಿ ಬಂದು ತಟ್ಟೆ ಮುಂದೆ ಕೂತಿದೀನಿ, ಅನ್ನ ಗಂಟ್ಲಲ್ಲಿ ಇಳೀತಿಲ್ಲ.

ಸೆಕ್ರೆಟರಿ ಅಂಕಲ್ದು ಫಾರ್ಚೂನರ್. ಎತ್ತರ 1835 ಮಿಲಿಮೀಟರ್, ಅಂದ್ರೆ 6 ಅಡಿ. ಎರಡನೇ ಮಹಡಿಯವ್ರ ಇನ್ನೋವಾ ಕ್ರಿಸ್ಟಾ ಅದಕ್ಕಿಂತ ಒಂಚೂರು ಕಮ್ಮಿ ಅಷ್ಟೆ. ಎರಡೂ ಸೇರಿ ಹತ್ರ ಹತ್ರ 12 ಅಡಿ, ಮೇಲಿನ ಕಾರು ನಿಲ್ಲೋ ಮಧ್ಯದ ತಟ್ಟೆ ದಪ್ಪ ಬೇರೆ, ಕಾರಿನ ಮೇಲೆ ಒಂದಿಷ್ಟು ಗ್ಯಾಪ್ ಬೇರೆ. ಹೋಗ್ಲಿ, ಎರಡೂ ಸ್ವಿಫ್ಟೇ ಅಂದ್ಕೊಳಿ, ಒಂದೊಂದು 5 ಅಡಿ, ಅಲ್ಲಿಗೇ 10 ಆಯ್ತು. ಮೇಲಿನ ತಟ್ಟೆ ಓರೆಯಾಗಿ ನಿಲ್ಲೋ ಮಾಡೆಲ್ ಇದೆ, ತಗ್ಗು ಜಾಗಕ್ಕೆ ಅಂತಾನೇ ಮಾಡಿರೋದು, ಆದ್ರೆ ಅದು ಸೆಡಾನ್ ತರದ ತಗ್ಗು ಕಾರಿಗೆ, ಫಾರ್ಚೂನರ್‌ಗಲ್ಲ. ಕೂಡೋ ಲೆಕ್ಕ ಇದು, ಇಂಜಿನಿಯರಿಂಗ್ ಏನ್ ಓದ್ಬೇಕಾಗಿಲ್ಲ.

ಇದನ್ನೇ ಅಲ್ವಾ ನಾನ್ ಹೇಳಕ್ ಹೋಗಿದ್ದು. ಎಲ್ರೂ ಕೆಳಗೆ ಸ್ಟಿಲ್ಟಲ್ಲೇ ನಿಂತಿದ್ರು, ಕಂಪನಿಯವ್ನು ಬಣ್ಣ ಬಣ್ಣದ ಬ್ರೋಚರ್ ಹಂಚ್ತಿದ್ದ. ನಾನು ಮನೆಯಿಂದ ಪ್ಲಾಸ್ಟಿಕ್ ಸ್ಟೂಲ್ ತಂದು ಹತ್ತಿ ಟೇಪಿನ ಒಂದು ತುದಿ ಬೀಮಿಗೆ ಒತ್ತಿ ಹಿಡ್ದೆ, ವಾಚ್‌ಮನ್ ಅಣ್ಣ ಕೆಳಗೆ ಡಬ್ಬಿ ಹಿಡ್ಕೊಂಡಿದ್ರು. "ನೋಡಿ ಸರ್, 9 ಅಡಿ, ಇದ್ರಲ್ಲಿ ಆಗಲ್ಲ" ಅಂದೆ. ಆ ಕಂಪನಿಯವ್ನು ನನ್ ಕಡೆ ತಿರುಗೂ ನೋಡ್ಲಿಲ್ಲ, ಅಂಕಲ್ ಮುಖ ನೋಡ್ದ. ಅಂಕಲ್ ಏನಂದ್ರು ಗೊತ್ತಾ? "ಇವೆಲ್ಲ ಟೆಕ್ನಿಕಲ್ ವಿಷ್ಯ ಕಣಮ್ಮ, ನಿಮ್ ಯಜಮಾನ್ರನ್ನ ಕಳ್ಸು, ನಾವು ಮಾತಾಡ್ಕೊತೀವಿ." ಒಬ್ರು ನಕ್ರು, ಆಮೇಲೆ ಎಲ್ರೂ ನಕ್ರು. ದಿನಾ ನನ್ನನ್ನ ಅಕ್ಕ ಅಕ್ಕ ಅನ್ನೋ ಎದುರುಮನೆ ಹುಡುಗಿನೂ ನಕ್ಕಳು. ವಾಚ್‌ಮನ್ ಅಣ್ಣ ಏನ್ ಮಾಡ್ಬೇಕು ಗೊತ್ತಾಗ್ದೆ ಡಬ್ಬಿ ಬಿಟ್ಬಿಟ್ರು, ಟೇಪು ಸರ್ರಂತ ಸುತ್ಕೊಂಡು ಮೇಲ್ ಬಂದು ನನ್ ಬೆರಳಿಗೆ ಬಡೀತು. ಎಲ್ರೂ ತಲೆಯೆತ್ತಿ ನನ್ನೇ ನೋಡ್ತಿದಾರೆ, ನಾನು ಸ್ಟೂಲ್ ಮೇಲೆ. ಇಳಿಯಕ್ಕೆ ಯಾರೂ ಒಂದ್ ಕೈ ಕೊಡ್ಲಿಲ್ಲ. ಇಳ್ದು, ಸ್ಟೂಲ್ ಎತ್ಕೊಂಡು ಪಕ್ಕಕ್ಕೆ ಬಂದೆ, ಅಷ್ಟೊತ್ತಿಗೆ ಅವ್ರು ಜಿಎಸ್‌ಟಿ ಎಷ್ಟು ಅಂತ ಮಾತಾಡ್ತಿದ್ರು. ನಾನ್ ಕೊಡೋ ಮೇಂಟೆನೆನ್ಸ್ ಟೆಕ್ನಿಕಲ್ ಅಲ್ಲ, ಅದಕ್ಕೆ ಯಜಮಾನ್ರು ಬೇಡ. ನಾನ್ ಅಳ್ದ 9 ಅಡಿಗೆ ಮಾತ್ರ ಯಜಮಾನ್ರು ಬೇಕು!

ಎತ್ತರ ಒಂದೇ ಅಲ್ಲ. ಸ್ಟ್ಯಾಕರಲ್ಲಿ ಮೇಲಿನ ಕಾರು ಇಳೀಬೇಕಂದ್ರೆ ಕೆಳಗಿನ ಕಾರು ಹೊರಗೆ ತೆಗೀಲೇಬೇಕು. ನಂದು ಮೇಲೆ ಅಂತೆ, ಕೆಳಗೆ ತೋಟದವ್ರ ಕಾರು. ಅವ್ರು ಕಾರು ಇಲ್ಲೇ ಬಿಟ್ಟು ಜೀಪಲ್ಲಿ ಮೂಡಿಗೆರೆ ಕಡೆ ತೋಟಕ್ಕೆ ಹೋದ್ರೆ ವಾರಗಟ್ಲೆ ಬರಲ್ಲ, ಕೀನೂ ಅವ್ರ ಜೊತೆನೇ. ಬೆಳಗಿನ ಜಾವ ಲ್ಯಾಬ್ ಡ್ಯೂಟಿಗೆ ಹೋಗೋಳು ನಾನು. ಯಾರನ್ನ ಎಬ್ಬಿಸ್ಲಿ? ಒಂದೇ ಮನೆಗೆ ಎರಡು ಕಾರಿದ್ರೆ ಸ್ಟ್ಯಾಕರ್ ಸರಿ, ಕೀ ಮನೇಲೇ ಇರುತ್ತೆ. ಬೇರೆ ಬೇರೆ ಮನೆಯವ್ರಿಗೆ ಗಂಟು ಹಾಕೋಕಲ್ಲ ಅದಿರೋದು. ಇನ್ನು ನೆಲ. ನಮ್ ಸ್ಟಿಲ್ಟಲ್ಲಿ ಇರೋದು ಮಣ್ಣಿನ ಮೇಲೆ ಜೋಡ್ಸಿರೋ ಪೇವರ್ ಟೈಲ್ಸ್. ಕಂಬಕ್ಕೆ ಆಂಕರ್ ಬೋಲ್ಟ್ ಹೊಡೀಬೇಕಂದ್ರೆ ಗಟ್ಟಿ ಕಾಂಕ್ರೀಟ್ ಬೇಕು, ಎರಡು ಟನ್ ಕಾರಿನ ಭಾರ ಆ ಕಂಬದ ಬುಡಕ್ಕೇ ಬರೋದು. ಕೊಟೇಶನ್ನಲ್ಲಿ ಸಿವಿಲ್ ಕೆಲಸದ ಸಾಲೇ ಇಲ್ಲ.

ಎತ್ತರ ಸಾಲಲ್ಲ ಅಂದ್ರೆ ಗುಂಡಿ ತೋಡಿ ಒಂದು ಕಾರು ಅದ್ರೊಳಗೆ ಇಳಿಯೋ ಪಿಟ್ ಟೈಪ್ ಹಾಕ್ತಾರಂತೆ. ಚಿಕ್ಕಮಗಳೂರಲ್ಲಿ! ಆಷಾಢದಲ್ಲಿ ರೋಡಿನ ನೀರೆಲ್ಲ ನಮ್ ಸ್ಟಿಲ್ಟಿಗೇ ನುಗ್ಗುತ್ತೆ, ಪಂಪು ಇಟ್ರೂ ಜೋರು ಮಳೇಲೇ ಕರೆಂಟ್ ಹೋಗೋದು. ಮೆಸ್ಕಾಂಗೆ ಫೋನ್ ಮಾಡಿದ್ರೆ ಲೈನ್ ಮೇಲೆ ಮರ ಬಿದ್ದಿದೆ ಅಂತಾರೆ, ಪಾಪ ಅವ್ರದೂ ತಪ್ಪಲ್ಲ. ಹೈಡ್ರಾಲಿಕ್ ಲಿಫ್ಟಲ್ಲಿ ಮೇಲಿರೋ ಕಾರನ್ನ ಕರೆಂಟ್ ಇಲ್ದಿದ್ರೂ ವಾಲ್ವ್ ಬಿಟ್ಟು ಇಳಿಸ್ಬಹುದು, ಗುಂಡಿಯೊಳಗಿರೋದನ್ನ ಹಂಗೆ ಎತ್ತಕ್ಕಾಗುತ್ತಾ?

ಬಿಡಿ, ಏನಾದ್ರೂ ಮಾಡ್ಕೊಳ್ಲಿ, ನನ್ ಕಾರು ನಾನ್ ರೋಡಲ್ಲೇ ನಿಲ್ಸ್ಕೊತೀನಿ ಅಂತ ಮೆಟ್ಲು ಹತ್ತುವಾಗ್ಲೇ ಅಂದ್ಕೊಂಡೆ. ಶನಿವಾರ ಭಾನುವಾರ ಬಂದ್ರೆ ಮುಳ್ಳಯ್ಯನಗಿರಿಗೆ ಬಂದೋರ ಗಾಡಿಗಳೇ ನಮ್ ಬೀದಿ ತುಂಬಾ, ಎಲ್ಲಿ ನಿಲ್ಸ್ಲಿ? ಇಲ್ಲ, ನಾನ್ಯಾಕ್ ಬಿಡ್ಬೇಕು, ನಂದೂ ದುಡ್ಡೇ ತಾನೆ.

ಹಿಂದೆ ಕಾಂಪೌಂಡ್ ಪಕ್ಕ ಖಾಲಿ ಜಾಗ ಇದೆ, ಮೇಲೆ ಆಕಾಶ, ಎತ್ತರದ ತಲೆನೋವೇ ಇಲ್ಲ. ಅಲ್ಲಿ ಎರಡು ಹಂತದ ಪಜಲ್ ಪಾರ್ಕಿಂಗ್ ಹಾಕ್ಬಹುದು. ಕೆಳಗಿನ ತಟ್ಟೆಗಳು ಪಕ್ಕಕ್ಕೆ ಸರಿಯುತ್ವೆ, ಮೇಲಿನವು ಇಳಿಯುತ್ವೆ, ಮೂರು ಕಾರಿನ ಅಗಲದಲ್ಲಿ ಐದು ಕಾರು ಹಿಡಿಯುತ್ತೆ, ಸರಿಯೋಕೆ ಒಂದ್ ಜಾಗ ಖಾಲಿ ಬಿಡ್ಬೇಕು ಅಷ್ಟೆ. ಯಾರೂ ಯಾರ ಕೀಗೂ ಕಾಯ್ಬೇಕಾಗಿಲ್ಲ. ರೇಟ್ ಜಾಸ್ತಿ, ತ್ರೀ ಫೇಸ್ ಕರೆಂಟ್ ಬೇಕು, ಜನರೇಟರಿಗೆ ಜೋಡಿಸ್ಬೇಕು, ಮಳೆಗೆ ತುಕ್ಕು ಹಿಡೀದಂಗೆ ಗ್ಯಾಲ್ವನೈಸ್ಡ್ ತಟ್ಟೆ ಕೇಳ್ಬೇಕು, ಎಲ್ಲಾ ಒಪ್ಕೊತೀನಿ. ಎರಡನೇ ಕೊಟೇಶನ್ ತರ್ಸಿ ಅಂದಿದ್ದಷ್ಟೇ ನಾನು. ಅದನ್ನ ಕೇಳೋಕೂ ಯಾರಿಗೂ ಪುರುಸೊತ್ತಿಲ್ಲ.

ಇಲ್ಲೋ ಹಾಸನದಲ್ಲೋ ಹೊರಗಡೆ ಪಜಲ್ ಹಾಕ್ಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ಮಳೆಗಾಲದಲ್ಲಿ ಅದರ ಚೈನು, ಸೆನ್ಸರ್ ಹೆಂಗಿರುತ್ತೆ ಹೇಳಿ. ನಮ್ ಸೆಕ್ರೆಟರಿ ಅಂಕಲ್ ಇದನ್ನ ಓದ್ತಿದ್ರೆ, ಅಂಕಲ್, ಸೋಮವಾರಕ್ಕೆ ಮುಂಚೆ ಆ ಕಂಪನಿಯವ್ನ ಕೈಲಿ ಬೀಮ್ ಎತ್ತರ ಅಳ್ಸಿ, ಯಾವ ಯಾವ ಕಾರು ಹಿಡಿಯುತ್ತೆ ಅಂತ ಸೈನ್ ಹಾಕ್ಸಿ ನೋಟಿಸ್ ಬೋರ್ಡಿಗೆ ಹಚ್ಚಿ. ಅಲ್ಲೀವರ್ಗೂ ನನ್ ಪಾಲಿನ ಚೆಕ್ ಬರಲ್ಲ. ಅದನ್ನ ಕೇಳೋಕೆ ನಮ್ ಯಜಮಾನ್ರ ಹತ್ರ ಹೋಗ್ಬೇಡಿ, ನನ್ ಹತ್ರಾನೇ ಬನ್ನಿ.