ಸತ್ಯಾಂಶ: ಅಮೆರಿಕದ ಶಾಲೆಗಳಲ್ಲಿ ನಿಷ್ಠಾ ಪ್ರತಿಜ್ಞೆ ಕಡ್ಡಾಯವೇ?

ಅಮೆರಿಕದ ಸಂಸ್ಥಾಪಕರೇ ರಚಿಸಿದ ನಿಷ್ಠಾ ಪ್ರತಿಜ್ಞೆಯನ್ನು (ರಾಷ್ಟ್ರಧ್ವಜಕ್ಕೆ ವಂದಿಸುತ್ತ ದೇಶನಿಷ್ಠೆ ಸಾರುವ ‘ಪ್ಲೆಡ್ಜ್ ಆಫ್ ಅಲೀಜಿಯನ್ಸ್’) ಹೇಳಲೊಪ್ಪದ ವಿದ್ಯಾರ್ಥಿಯನ್ನು ಅಲ್ಲಿನ ಕಾನೂನಿನಂತೆ ಸರ್ಕಾರಿ ಶಾಲೆಯಿಂದ ಹೊರಹಾಕಲಾಗುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಅದರ ಎರಡೂ ಮಾತುಗಳು ತಪ್ಪು. ಪ್ರತಿಜ್ಞೆಯನ್ನು ಬರೆದವರು ಫ್ರಾನ್ಸಿಸ್ ಬೆಲ್ಲಾಮಿ ಎಂಬ ಪಾದ್ರಿ, ಅದೂ 1892ರಲ್ಲಿ. ದೇವರ ಉಲ್ಲೇಖ ಅದಕ್ಕೆ ಸೇರಿದ್ದಂತೂ 1954ರಲ್ಲಿ.

ಹೊರಹಾಕುವ ಮಾತಿಗೆ ಹಿಂದೊಮ್ಮೆ ಆಧಾರವಿತ್ತೆನ್ನಬೇಕು. ಧ್ವಜವಂದನೆ ತಮ್ಮ ನಂಬಿಕೆಗೆ ವಿರುದ್ಧವೆಂದು ನಿರಾಕರಿಸಿದ ‘ಯೆಹೋವನ ಸಾಕ್ಷಿಗಳು’ ಪಂಥದ ಮಕ್ಕಳನ್ನು ಶಾಲೆಯಿಂದ ತೆಗೆದದ್ದನ್ನು ಸುಪ್ರೀಂ ಕೋರ್ಟ್ 1940ರಲ್ಲಿ ಎತ್ತಿಹಿಡಿದಿತ್ತು. ಆದರೆ 1943ರಲ್ಲಿ, ಮಹಾಯುದ್ಧದ ನಡುವೆಯೇ ಎಂಬುದು ಗಮನಾರ್ಹ, ಅದೇ ನ್ಯಾಯಾಲಯವು ವೆಸ್ಟ್ ವರ್ಜೀನಿಯಾದ ಬಾರ್ನೆಟ್ ಪ್ರಕರಣದಲ್ಲಿ ತನ್ನ ಹಿಂದಿನ ತೀರ್ಪನ್ನು ತಾನೇ ತಳ್ಳಿಹಾಕಿ, ಸರ್ಕಾರಿ ಶಾಲೆಗಳು ಯಾವ ವಿದ್ಯಾರ್ಥಿಯನ್ನೂ ಪ್ರತಿಜ್ಞೆಗೆ ಬಲವಂತಪಡಿಸುವಂತಿಲ್ಲ ಎಂದು ಸಾರಿತು. ಆ ತೀರ್ಪು ಇಂದಿಗೂ ಜಾರಿಯಲ್ಲಿದೆ.