ಅಲೆಕ್ಸಾಂಡರನ ಮಗ ಜೇಮ್ಸ್, ಜೇಮ್ಸನ ಮಗ ಅಲೆಕ್ಸಾಂಡರ್

ಸ್ಕಾಟ್ಲೆಂಡಿನಲ್ಲಿ ವಂಶಾವಳಿ ಹುಡುಕಲು ಹೊರಡುವ ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಕೋಟೆ ಇರುತ್ತದೆ. ಅದರ ಬಾಗಿಲಲ್ಲಿ ಕಿಲ್ಟ್ ಎಂಬ ಮೊಣಕಾಲುದ್ದದ ಲಂಗ ಉಟ್ಟು, ಕತ್ತಿ ಹಿಡಿದು ನಿಂತ ಒಬ್ಬ ಮುತ್ತಾತನೂ ಇರುತ್ತಾನೆ. ನಮ್ಮ ಮಾವನ ಮನಸ್ಸಿನಲ್ಲೂ ಇದ್ದ. ಮಾವ ಅಂದರೆ ನನ್ನ ಗಂಡ ಜೇಮ್ಸ್‌ನ ಅಪ್ಪ, ಅಲೆಕ್ಸಾಂಡರ್ ಸ್ಮಿತ್. ಅಲ್ಲಿ ಸ್ಮಿತ್‌ಗಿಂತ ಸಾಮಾನ್ಯವಾದ ಮನೆಹೆಸರು ಇನ್ನೊಂದಿಲ್ಲ. ಆದರೂ ಒಂದು ಟಾರ್ಟನ್ (ಚೌಕಳಿ ಬಟ್ಟೆ) ಅಂಗಡಿಯವರು ಗೋಡೆಯ ಮೇಲಿನ ಪಟ್ಟಿ ನೋಡಿ, "ಸ್ಮಿತ್ ಅಲ್ವಾ, ನೀವು ಚ್ಯಾಟನ್ ಕುಲದವರು" ಎಂದು ಹೇಳಿ ಎಂಟು ಗಜದ ಚೌಕಳಿ ಬಟ್ಟೆಯಲ್ಲಿ ಕಿಲ್ಟ್ ಹೊಲಿದುಕೊಟ್ಟಿದ್ದರು. ಅಷ್ಟು ದುಡ್ಡು ಕೊಟ್ಟ ಮೇಲೆ ನಂಬದೆ ಇರೋದು ಹೇಗೆ?

ಕುಲಕ್ಕೊಂದು ಟಾರ್ಟನ್ ಎಂಬ ಲೆಕ್ಕಾಚಾರ ಬಹುಪಾಲು 19ನೇ ಶತಮಾನದ್ದು. 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಎಡಿನ್‌ಬರೋಗೆ ಬಂದ. ಸ್ವಾಗತದ ಉಸ್ತುವಾರಿ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನದು. ಅವನು ರಾಜನನ್ನೂ ಸೇರಿಸಿ ಕಂಡಕಂಡವರಿಗೆಲ್ಲ ಟಾರ್ಟನ್ ಉಡಿಸಿದ. ಆಮೇಲೆ ಬೆಟ್ಟದವರು, ಬಯಲಿನವರು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೊಂದು ಚೌಕಳಿ ಸಿಕ್ಕಿತು. ಇದನ್ನೆಲ್ಲ ಓದಿಕೊಂಡೆ, ಮಾವನಿಗೆ ಹೇಳಲಿಲ್ಲ. ಸೊಸೆಯಾದವಳಿಗೆ ಎಲ್ಲಿ ಬಾಯಿ ಮುಚ್ಚಬೇಕು ಅನ್ನೋದು ಯಾವ ದೇಶದಲ್ಲಾದರೂ ಗೊತ್ತಿರಬೇಕು.

ಹುಡುಕಾಟ ಶುರು ಮಾಡಿಸಿದ್ದು ಮಾತ್ರ ನಮ್ಮಮ್ಮ. ನಮ್ಮ ಮದುವೆ ಆಗಿದ್ದು ಶ್ರೀರಂಗಪಟ್ಟಣದಲ್ಲಿ. ಕನ್ಯಾದಾನದ ಹೊತ್ತಿಗೆ ಪುರೋಹಿತರು ವರನ ಮುತ್ತಾತ, ತಾತ, ತಂದೆಯ ಹೆಸರು ಕೇಳಿದರು. ಮಾವ ಎದೆಯುಬ್ಬಿಸಿ ಹೇಳಿದರು: ಅಲೆಕ್ಸಾಂಡರ್, ಜೇಮ್ಸ್, ಅಲೆಕ್ಸಾಂಡರ್. ವರ ಜೇಮ್ಸ್. ಪುರೋಹಿತರು ಕನ್ನಡಕ ತೆಗೆದು, "ನಾಲ್ಕು ಜನ ಅಂದ್ರಿ, ಇಲ್ಲಿ ಎರಡೇ ಹೆಸರಿದೆಯಲ್ಲಮ್ಮಾ" ಅಂದರು. ಮಂಟಪದಲ್ಲಿ ನಗು. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. "ಅಲ್ಲ ಕಣೇ, ಅದಕ್ಕೂ ಹಿಂದಿನವರು ಯಾರು ಅಂತ ಕೇಳ್ಕೊಂಡ್ಯಾ?" ಎಂದು ಅವತ್ತು ಶುರು ಮಾಡಿದವಳು ನಾನು ವಿಮಾನ ಹತ್ತಿದ ಮೇಲೂ ಬಿಡಲಿಲ್ಲ.

ಹಿಂದಿನವರೂ ಅವರೇ. ಹಳೆಯ ಸ್ಕಾಟಿಷ್ ಮನೆಗಳಲ್ಲಿ ಹೆಸರಿಡುವುದಕ್ಕೆ ಒಂದು ಕಟ್ಟಳೆ ಇತ್ತು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ತಾತನ ಹೆಸರು ಮೊಮ್ಮಗನಿಗೆ ಇಡೋದು ನಮ್ಮಲ್ಲೂ ಇದೆ ಎಂದು ಅಮ್ಮ ಖುಷಿಪಟ್ಟಳು. ಆದರೆ ಲೆಕ್ಕ ಹಾಕಿ ನೋಡಿ. ಒಬ್ಬ ಅಲೆಕ್ಸಾಂಡರ್‌ಗೆ ಐದು ಗಂಡುಮಕ್ಕಳು. ಐವರೂ ಅದೇ ಊರಿನಲ್ಲಿ ಮನೆ ಮಾಡಿ, ಕಟ್ಟಳೆ ಪ್ರಕಾರ ತಂತಮ್ಮ ಮೊದಲ ಮಗನಿಗೆ ಅಪ್ಪನ ಹೆಸರಿಟ್ಟರು. ಒಂದೇ ಬೀದಿಯಲ್ಲಿ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಐದು ಅಲೆಕ್ಸಾಂಡರ್ ಸ್ಮಿತ್! ಮನೆಯೊಳಗೆ ಅವರು ಸ್ಯಾಂಡಿ, ಅಲೆಕ್, ಎಕ್. ಯಾವ ದಾಖಲೆಯಲ್ಲಿ ಯಾರು ಯಾವುದನ್ನು ಬರೆಸುತ್ತಾರೋ ದೇವರಿಗೇ ಗೊತ್ತು. ಹೆಂಗಸರದು ಇನ್ನೂ ಕಷ್ಟ. ಜಾನೆಟ್ ಎಂದು ಹುಟ್ಟಿದವಳು ಜೆಸ್ಸಿ ಎಂದು ಮದುವೆಯಾಗಿರುತ್ತಾಳೆ.

ಮಾವನ ಕಡೆಯವರು ಈಶಾನ್ಯ ಕರಾವಳಿಯವರು, ಬಕಿ ಎಂಬ ಊರಿನ ಅಕ್ಕಪಕ್ಕದ ಬೆಸ್ತರು. ಅಂದಹಾಗೆ, ಬೆಟ್ಟದವರು ಉಡುತ್ತಿದ್ದ ಕಿಲ್ಟಿಗೂ ಆ ಬೆಸ್ತರಿಗೂ ಸಂಬಂಧವೇ ಇರಲಿಲ್ಲ. ಆ ಕರಾವಳಿಯ ಹಳ್ಳಿಗಳಲ್ಲಿ ಹೆಸರಿನ ಗೋಜಲು ಎಷ್ಟಿತ್ತೆಂದರೆ ಪ್ರತಿ ಮನೆತನಕ್ಕೂ ಒಂದು ಅಡ್ಡಹೆಸರು ಇತ್ತು. ಅದಕ್ಕೆ ಅವರು ಟೀ-ನೇಮ್ ಎನ್ನುತ್ತಾರೆ. ಬಕಿಯಲ್ಲಿ 25 ಜನ ಜಾರ್ಜ್ ಕೌವಿಗಳಿದ್ದಾರೆ ಎಂದು 19ನೇ ಶತಮಾನದ ಒಂದು ಪತ್ರಿಕೆ ಬರೆದಿತ್ತು. ಅವರಲ್ಲಿ ಒಬ್ಬ ಕ್ಯಾರೆಟ್, ಇನ್ನೊಬ್ಬ ಟರ್ನಿಪ್. ಇವು ಬರೀ ತಮಾಷೆಯ ಹೆಸರುಗಳಲ್ಲ. ಮತದಾರರ ಪಟ್ಟಿಯಲ್ಲೂ ಅಡ್ಡಹೆಸರು ಬರುತ್ತಿತ್ತು. ಇದನ್ನು ಕೇಳಿದ ಅಮ್ಮ, "ನಮ್ಮ ಅಳಿಯಂದಿರು ಯಾವ ತರಕಾರಿಯವರು?" ಎಂದು ಕೇಳಿದಳು.

ದಾಖಲೆಗಳ ವಿಷಯಕ್ಕೆ ಬರೋಣ. ಹುಟ್ಟು, ಸಾವು, ಮದುವೆಗಳನ್ನು ಸರ್ಕಾರವೇ ಬರೆದಿಡುವುದು ಅಲ್ಲಿ ಶುರುವಾಗಿದ್ದು 1855ರ ಜನವರಿ 1ರಂದು. ಆ ಮೊದಲ ವರ್ಷ ಅವರ ಉತ್ಸಾಹ ಕೇಳಬೇಡಿ. ಮಗು ಹುಟ್ಟಿದರೆ ಅಪ್ಪ ಅಮ್ಮನ ವಯಸ್ಸು, ಅವರು ಹುಟ್ಟಿದ ಊರು, ಯಾವಾಗ ಎಲ್ಲಿ ಮದುವೆಯಾದರು, ಹಿಂದೆ ಎಷ್ಟು ಮಕ್ಕಳು, ಎಲ್ಲವನ್ನೂ ಬರೆಯಬೇಕಿತ್ತು. ಅದು ವಿಪರೀತ ಕೆಲಸವಾಗಿ, 1856ರಲ್ಲಿ ಅರ್ಧಕ್ಕರ್ಧ ಕಾಲಂ ಕಿತ್ತುಹಾಕಿದರು. ಹಾಗಾಗಿ 1855ರಲ್ಲಿ ಹುಟ್ಟಿದ ಪೂರ್ವಜ ಸಿಕ್ಕರೆ ಲಾಟರಿ ಹೊಡೆದ ಹಾಗೆ. ನಮ್ಮ ಮನೆಯಲ್ಲಿ ಹದಿನೆಂಟು ತಿಂಗಳಿಗೊಂದು ಮಗು ಹೆರುತ್ತಿದ್ದ ಪುಣ್ಯಾತ್ಗಿತ್ತಿ 1854ರ ಡಿಸೆಂಬರ್‌ನಲ್ಲಿ ಒಂದು ಹೆತ್ತಳು, 1856ರಲ್ಲಿ ಇನ್ನೊಂದು ಹೆತ್ತಳು. ಆ ಒಂದು ವರ್ಷ ಮಾತ್ರ ವಿಶ್ರಾಂತಿ.

ಸಾವಿನ ದಾಖಲೆ ಇನ್ನೂ ಒಳ್ಳೆಯದು. ಸತ್ತವರ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು ಎರಡೂ ಅದರಲ್ಲಿ ಇರುತ್ತವೆ. ಆದರೆ ಸತ್ತವರು ಬಂದು ಬರೆಸೋಕಾಗಲ್ಲವಲ್ಲ! ಜೇಮ್ಸ್‌ನ ಅಜ್ಜಿಯೊಬ್ಬಳ ಸಾವನ್ನು ಬರೆಸಲು ಹೋದವನು ಅವಳ ಅಳಿಯ. ಅತ್ತೆಯ ತಂದೆತಾಯಿ ಕಾಲಂನಲ್ಲಿ "ಗೊತ್ತಿಲ್ಲ" ಎಂದು ಬರೆಸಿ ಬಂದಿದ್ದ. ಆ ಕಡೆಯ ಕೊಂಡಿ ಅಲ್ಲಿಗೇ ಕಡಿದುಹೋಯಿತು. "ಅಳಿಯಂದಿರೇ ಹಾಗೆ" ಎಂದಳು ಅಮ್ಮ. ಪಕ್ಕದಲ್ಲಿ ಅಪ್ಪ ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ.

1855ಕ್ಕಿಂತ ಹಿಂದೆ ಹೋದರೆ ಚರ್ಚಿನ ಪ್ಯಾರಿಷ್ ಪುಸ್ತಕಗಳೇ ಗತಿ. ಪರ್ತ್‌ಶೈರಿನ ಎರಲ್ ಎಂಬಲ್ಲಿಯದು 1553ರಷ್ಟು ಹಳೆಯದು. ಎಲ್ಲ ಊರಿನವರೂ ಅಷ್ಟು ಅಚ್ಚುಕಟ್ಟಲ್ಲ. ಸಾಲದ್ದಕ್ಕೆ 1783ರಲ್ಲಿ ಸರ್ಕಾರ ಪುಸ್ತಕದಲ್ಲಿ ಬರೆಸುವ ಪ್ರತಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಕ್ಕೂ ಮೂರು ಪೆನ್ಸ್ ತೆರಿಗೆ ಹಾಕಿತು. ಅದನ್ನು ತೆಗೆದಿದ್ದು 1794ರಲ್ಲಿ. ನಡುವೆ ಎಷ್ಟೋ ಜನ ಬರೆಸುವ ಗೋಜಿಗೇ ಹೋಗಲಿಲ್ಲ. ಮಾವನ ವಂಶವೃಕ್ಷದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇದೆ. ಅವರ ಪ್ರಕಾರ ಅದು ಕೋಟೆಯ ಮುತ್ತಾತ. ನನ್ನ ಪ್ರಕಾರ ಮೂರು ಪೆನ್ಸ್ ಉಳಿಸಿದ ಬೆಸ್ತ.

ಇದನ್ನೆಲ್ಲ ಹೋಗಿ ನೋಡುವುದು ಎಡಿನ್‌ಬರೋದ ಜನರಲ್ ರಿಜಿಸ್ಟರ್ ಹೌಸ್‌ನಲ್ಲಿ. 1774ರಲ್ಲಿ ಅಡಿಗಲ್ಲು ಹಾಕಿದ ಭವ್ಯ ಕಟ್ಟಡ. ನಡುವೆ ದುಡ್ಡು ಮುಗಿದು ವರ್ಷಗಟ್ಟಲೆ ಅರ್ಧಕ್ಕೇ ನಿಂತಿತ್ತಂತೆ. ಯುರೋಪಿನ ಅತಿ ಭವ್ಯ ಪಾರಿವಾಳದ ಗೂಡು ಎಂದು ಊರವರು ಆಡಿಕೊಳ್ಳುತ್ತಿದ್ದರು. ಈಗ ಸ್ಕಾಟ್ಲೆಂಡ್ಸ್ ಪೀಪಲ್ ಜಾಲತಾಣದಲ್ಲೂ ದಾಖಲೆಗಳ ಚಿತ್ರ ಸಿಗುತ್ತವೆ. ಮನೆಯಲ್ಲೇ ಕೂತು ಕಣ್ಣು ಹಾಳುಮಾಡಿಕೊಳ್ಳಬಹುದು.

ಜನಗಣತಿಯನ್ನು ನಂಬಿದವರು ಕೆಟ್ಟರು. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಹತ್ತಿರದ ಐದಕ್ಕೆ ಇಳಿಸಿ ಬರೆಯಬೇಕೆಂಬ ನಿಯಮವಿತ್ತು. 39 ಆಗಿದ್ದರೆ 35. ನಮ್ಮ ಒಬ್ಬ ಇಸಬೆಲಾ 1841ರಲ್ಲಿ 35, 1851ರಲ್ಲಿ 49. ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಮುದುಕಿಯಾದಳು. ಅದಕ್ಕೆ ಸೇಡು ಎಂಬಂತೆ 1861ರಲ್ಲಿ 54 ಎಂದು ಬರೆಸಿದಳು. ಅದಕ್ಕೆ ಯಾವ ಸರ್ಕಾರಿ ನಿಯಮವೂ ಕಾರಣವಲ್ಲ.

ಈ ನಡುವೆ ಮಾವನಿಗೆ ಶ್ರೀರಂಗಪಟ್ಟಣದ ಹುಚ್ಚು ಹಿಡಿಯಿತು. ಮದುವೆಗೆ ಬಂದಾಗ ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಕರ್ನಲ್ ಬೇಲಿಯ ಸಮಾಧಿ ನೋಡಿದ್ದರು. 1780ರ ಪೊಲ್ಲಿಲೂರು ಯುದ್ಧದಲ್ಲಿ ಸೋತು ಸೆರೆಸಿಕ್ಕ ಬೇಲಿ ಸತ್ತಿದ್ದು ನಮ್ಮೂರಲ್ಲೇ, 1782ರಲ್ಲಿ. ಅವನ ಜೊತೆ ಸೆರೆಯಾದವನು ಇನ್ನೊಬ್ಬ ಸ್ಕಾಟ್, ಡೇವಿಡ್ ಬೇರ್ಡ್. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಕಟ್ಟಿದ್ದಾರೆ ಎಂಬ ಸುದ್ದಿ ತಲುಪಿದಾಗ ಬೇರ್ಡ್‌ನ ತಾಯಿ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಗತಿ ಏನಪ್ಪಾ ಎಂದು ಮರುಗಿದಳಂತೆ. ಅದೇ ಬೇರ್ಡ್ 1799ರಲ್ಲಿ ಟಿಪ್ಪುವಿನ ಕೋಟೆಗೆ ನುಗ್ಗಿದ ಸೇನೆಯ ಮುಂದಾಳು. ಅವನ ಪಡೆಯಲ್ಲಿ ನಮ್ಮವನೂ ಒಬ್ಬ ಇದ್ದಿರಬೇಕು ಎಂದು ಮಾವನ ವಾದ. ಎಷ್ಟು ಜಾಲಾಡಿದರೂ ನಮ್ಮವರು ಹ್ಯಾಡಕ್ ಮೀನಿನ ಹಿಂದೆ ಬಿಟ್ಟು ಬೇರೆಲ್ಲೂ ಹೋದ ಕುರುಹು ಸಿಗಲಿಲ್ಲ. ಅಮ್ಮ ನಿಟ್ಟುಸಿರು ಬಿಟ್ಟಳು. "ಸದ್ಯ! ಊರು ಲೂಟಿ ಮಾಡಿದವರ ಮನೆಗೆ ಹೆಣ್ಣು ಕೊಟ್ಟೆ ಅಂತ ಬೀದಿಯವರು ಅನ್ನೋದು ತಪ್ಪಿತು."

ಕೊನೆಗೆ ನಮ್ಮವರು ಪುಟಗಟ್ಟಲೆ ಸಿಕ್ಕಿದ್ದು ಕರ್ಕ್ ಸೆಶನ್ ದಾಖಲೆಗಳಲ್ಲಿ. ಪಾದ್ರಿ ಮತ್ತು ಊರ ಹಿರಿಯರು ಸೇರಿ ನಡೆಸುತ್ತಿದ್ದ ಚರ್ಚಿನ ಪಂಚಾಯಿತಿ ಇದು. ಭಾನುವಾರ ಕೆಲಸ ಮಾಡಿದವರು, ಕುಡಿದು ಬೈದಾಡಿದವರು, ಎಲ್ಲಕ್ಕಿಂತ ಹೆಚ್ಚಾಗಿ ಮದುವೆಗೆ ಮುಂಚೆ ಅವಸರ ಮಾಡಿದವರು ಅಲ್ಲಿ ಹಾಜರಾಗಬೇಕಿತ್ತು. ದಂಡ ಕಟ್ಟಬೇಕು, ಜೊತೆಗೆ ಭಾನುವಾರ ಇಡೀ ಊರಿನ ಮುಂದೆ ಬೈಸಿಕೊಳ್ಳಬೇಕು. ಕವಿ ರಾಬರ್ಟ್ ಬರ್ನ್ಸ್‌ಗೂ 1786ರಲ್ಲಿ ಮಾಕ್ಲಿನ್ ಊರಿನ ಚರ್ಚಿನಲ್ಲಿ ಈ ಮರ್ಯಾದೆ ಆಗಿತ್ತು. 2021ರಿಂದ ಈ ಪುಟಗಳನ್ನು ಜಾಲತಾಣದಲ್ಲಿ ಬಿಟ್ಟಿಯಾಗಿ ತಿರುವಿಹಾಕಬಹುದು. ಹುಟ್ಟಿದ ದಾಖಲೆಗೆ ದುಡ್ಡು, ಹಗರಣ ಫ್ರೀ.

ನೆಟ್ಟಗೆ ಬದುಕಿದ ಸ್ಮಿತ್‌ಗಳಿಗೆ ತಲಾ ಒಂದೊಂದು ಸಾಲು. ಮದುವೆಯಾದ ಐದೇ ತಿಂಗಳಿಗೆ ತೊಟ್ಟಿಲು ಕಟ್ಟಿದ ಒಬ್ಬ ಅಲೆಕ್ಸಾಂಡರ್‌ಗೆ ಎರಡೂವರೆ ಪುಟ! ಅವನು ಏನೆಂದ, ಅವಳು ಏನೆಂದಳು, ಅವಳ ಚಿಕ್ಕಮ್ಮ ಬಾಗಿಲ ಸಂದಿಯಿಂದ ಏನು ನೋಡಿದಳು, ಎಲ್ಲವೂ ಇದೆ. ಮಾವ ಅದನ್ನು ಓದುತ್ತಾ ಎಷ್ಟು ನಕ್ಕರೆಂದರೆ ಕೋಟೆಯ ಮಾತು ಅವತ್ತು ಬರಲೇ ಇಲ್ಲ. ಅಮ್ಮನಿಗೆ ಹೇಳಲೋ ಬೇಡವೋ ಎಂದು ನಾನು ಅನುಮಾನಿಸಿದೆ. ಅವಳು ಕೇಳಿ, ಬೆರಳು ಮಡಿಸಿ ತಿಂಗಳು ಎಣಿಸಿ, "ನಮ್ಮ ಕಡೆ ಏನು ಕಮ್ಮಿ ಅಂದ್ಕೊಂಡ್ಯಾ? ಬರೆದಿಡೋರು ಇರಲಿಲ್ಲ ಅಷ್ಟೇ" ಎಂದಳು. ಯಾರು, ಯಾವಾಗ ಎಂದು ಎಷ್ಟು ಕೇಳಿದರೂ ಒಲೆಯ ಮೇಲೆ ಹಾಲಿಟ್ಟಿದ್ದೀನಿ ಎಂದು ಫೋನ್ ಇಟ್ಟಳು.

ಸಹಿಸಲಾಗದೆ ಹೋದವರು ಮಾವನ ಅಕ್ಕ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಊಟದ ಮನೆಯ ಗೋಡೆಯಲ್ಲಿದ್ದ ವಂಶವೃಕ್ಷದಲ್ಲಿ ಯಾರೂ ಇಲ್ಲದಾಗ ಮದುವೆಯ ವರ್ಷವನ್ನು ವೈಟ್ನರ್ ಹಚ್ಚಿ ಒಂದು ವರ್ಷ ಹಿಂದಕ್ಕೆ ಹಾಕಿದರು. ಮಾವ ಮತ್ತೆ ವೈಟ್ನರ್ ಹಚ್ಚಿ ಸರಿಮಾಡಿದರು. ಮುಂದಿನ ಸಲ ಅವರು ಚಹಾಕ್ಕೆ ಬಂದಾಗ ಅದು ಮತ್ತೆ ಹಿಂದಕ್ಕೆ ಹೋಯಿತು. ಈಗ ಅಲ್ಲಿ ವೈಟ್ನರ್ ಎಷ್ಟು ದಪ್ಪಗೆ ಕೂತಿದೆಯೆಂದರೆ, ಆ ಅಲೆಕ್ಸಾಂಡರ್‌ಗೆ ಮದುವೆ ಆಗಿತ್ತೋ ಇಲ್ಲವೋ ಎಂಬುದನ್ನೇ ಓದೋಕಾಗಲ್ಲ.